ಗಡಿಯಾರದ ಕಡೆಯ ಅರ್ಧ

ಬೆಳಗಿನಿಂದ ಅವಳ ಕೈಯಲ್ಲಿ ಕನ್ನಡಕದ ಎರಡು ಗ್ಲಾಸು ಹಾಳಾಗಿದ್ದವು. ಮೊದಲನೆಯದನ್ನು ಅಂಚು ಉಜ್ಜುವ ಚಕ್ರಕ್ಕೆ ಅಗತ್ಯಕ್ಕಿಂತ ಹೆಚ್ಚು ಒತ್ತಿದ್ದಳು, ಬಿರುಕು ಬಿಟ್ಟಿತು. ಎರಡನೆಯದು ಫ್ರೇಮಿನಲ್ಲಿ ಕೂತೂ ಆಗಿತ್ತು. ಕೊನೆಯ ತಿರುಪು ಬಿಗಿಯುವಾಗ ಸ್ಕ್ರೂಡ್ರೈವರ್ ಜಾರಿ ನಟ್ಟನಡುವೆ ಕೂದಲೆಳೆಯಂಥ ಗೀರು ಎಳೆಯಿತು. ಕೂದಲೆಳೆಯಷ್ಟೇ. ಆದರೆ ಅದನ್ನು ಹಾಕಿಕೊಳ್ಳುವವರು ದಿನವಿಡೀ ಪ್ರಪಂಚವನ್ನು ಆ ಗೀರಿನ ಮೂಲಕವೇ ನೋಡಬೇಕು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಸ್ಟೂಲುಗಳಿದ್ದವು. ಒಂದರ ಮೇಲೆ ಅವಳು ಕೂತಿದ್ದಳು. ಇನ್ನೊಂದರ ಮೇಲೆ ಮೈದುನ ಕನ್ನಡಕದ ಡಬ್ಬಿಗಳನ್ನು ಪೇರಿಸಿಟ್ಟಿದ್ದ, ಅದು ಖಾಲಿ ಕಾಣಬಾರದೆಂದು. ಡಬ್ಬಿಗಳು ಖಾಲಿಯವೇ. ತನ್ನ ಹೆಂಡತಿ ಕೂರುತ್ತಿದ್ದ ಜಾಗವನ್ನು ಒಬ್ಬ ಗಂಡಸು ಖಾಲಿ ಡಬ್ಬಿಗಳಿಂದ ತುಂಬಿಸುವುದನ್ನು ನೋಡಿಯೂ ಅವಳು ಏನೂ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದರೆ ಬೇರೇನೋ ಬಂದುಬಿಡಬಹುದೆಂಬ ಹೆದರಿಕೆ ಅವಳಿಗೆ ಆ ಸಾವಿನ ದಿನದಿಂದಲೂ ಇತ್ತು.

"ಬಿಡಿ ಅತ್ತಿಗೆ, ಅದನ್ನ ನಾನು ನೋಡ್ಕೋತೀನಿ," ಎಂದು ಮೈದುನ ಬಾಗಿಲಲ್ಲಿ ನಿಂತು ಹೇಳಿದ. "ಇವತ್ತು ನಿಮ್ಮ ಕೈ ಇಲ್ಲಿಲ್ಲ, ಕಾಲು ಆಗಲೇ ಸ್ಕೇಟಿಂಗ್ ರಿಂಕಿಗೆ ಹೋಗಿದೆ. ಹೊರಡಿ, ನಾನೇ ಕರ್ಕೊಂಡು ಹೋಗ್ತೀನಿ. ಅಣ್ಣ ಅಂಗಡಿ ನೋಡ್ಕೋತಾನೆ."

"ನೀನ್ಯಾಕೆ ಬರ್ತೀಯ? ಸುಮ್ಮನೆ ಚಳಿಯಲ್ಲಿ ಕೂರೋದು."

"ಪ್ರತಿ ಸಲ ಬಂದಿಲ್ವಾ? ಫ್ಲಾಸ್ಕು ಹಿಡಿಯೋಕೆ ಒಬ್ಬ ಬೇಕಲ್ಲ." ಅವನು ನಗಲು ಪ್ರಯತ್ನಿಸಿದ. "ಅದೂ ಅಲ್ಲದೆ ಈ ಸಲ ನಿಮಗೆ ಎದುರಾಳಿಯೇ ಇಲ್ಲ. ಗೆದ್ದಾಗಿದೆ ಅನ್ನಿ. ಪದಕ ಹೊತ್ಕೊಂಡು ಬರೋಕಾದರೂ ಜನ ಬೇಡ್ವಾ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಹೆಂಡತಿ ತೀರಿ ಚಳಿಗಾಲವೊಂದು ಕಳೆದಿರುವ ಗಂಡಸು ಅತ್ತಿಗೆಯನ್ನು ನಗಿಸಲು ಬೇರೇನು ಹೇಳಿಯಾನು. ಆದರೂ ಆ ಮಾತು ಅವಳೊಳಗೆ ಎಲ್ಲಿ ಹೋಗಿ ಕೂರಬಾರದಿತ್ತೋ ಅಲ್ಲೇ ಹೋಗಿ ಕೂತಿತು. ಅವಳು ಎದ್ದು ಸೆರಗಿನಿಂದ ಗಾಜಿನ ಪುಡಿ ಕೊಡವಿದಳು. ಚಿಕ್ಕ ಸ್ಕ್ರೂಡ್ರೈವರನ್ನು ಅದರ ಗೂಡಿನಲ್ಲಿಡುವ ಬದಲು ಕೈಚೀಲಕ್ಕೆ ಹಾಕಿಕೊಂಡದ್ದು ಅವಳಿಗೇ ತಿಳಿಯಲಿಲ್ಲ.

ಅವರಿಬ್ಬರೂ ವಾರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಂದಿರು. ಒಂದೇ ಮನೆ, ಒಂದೇ ಅಡಿಗೆಮನೆ, ಹಿಂದಿನ ಕೋಣೆಯಲ್ಲಿ ಅಕ್ಕಪಕ್ಕದ ಸ್ಟೂಲು. ಅಡಿಗೆಮನೆಯ ಕಪಾಟಿನಲ್ಲಿ ಮೇಲಿನ ಹಲಗೆ ದೊಡ್ಡವಳಾದ ಇವಳದು, ಕೆಳಗಿನದು ಚಿಕ್ಕವಳದು. ಆದರೆ ಚಿಕ್ಕವಳ ಪಾತ್ರೆಗಳು ಯಾವಾಗಲೂ ಹತ್ತಿ ಬಂದು ಮೇಲಿನ ಹಲಗೆಯಲ್ಲಿ ಸಿಗುತ್ತಿದ್ದವು. "ಅವಕ್ಕೆ ಕಾಲಿದೆ ಅಕ್ಕಾ, ನಾನೇನು ಮಾಡ್ಲಿ," ಎಂದು ಅವಳು ಹೇಳುತ್ತಿದ್ದಳು. ದಾರಿಯಲ್ಲಿ ಹೋಗುವಾಗ ಐಸ್ ರಿಂಕಿನ ಗೋಡೆಗೆ ಅಂಟಿಸಿದ್ದ 'ದೊಡ್ಡವರಿಗೂ ಸ್ಕೇಟಿಂಗ್ ಕಲಿಸಲಾಗುವುದು' ಎಂಬ ಹಾಳೆಯನ್ನು ಮೊದಲು ನೋಡಿದವಳೂ ಚಿಕ್ಕವಳೇ. ಮೊಮ್ಮಕ್ಕಳಿಗೆ ಹೋಗಿ ಕಲಿಯಿರಿ ಎಂದು ಹೇಳಬೇಕಾದ ವಯಸ್ಸಿನಲ್ಲಿ ತಾವೇ ಹೋಗಿ ಕಂಬಿ ಹಿಡಿದು ನಿಂತರು. ಕೋಚ್ ಇಬ್ಬರಿಗೂ ಹೆಸರಿಟ್ಟ: ದೊಡ್ಡಕ್ಕ, ಚಿಕ್ಕಕ್ಕ. ರಿಂಕಿನಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಮೊದಲ ಚಳಿಗಾಲದಲ್ಲೇ ಹಿಮ್ಮುಖವಾಗಿ ಜಾರುತ್ತಿದ್ದ ಇಬ್ಬರೂ ಒಬ್ಬರಿಗೊಬ್ಬರು ಬಡಿದು ಬಿದ್ದರು. ಚಿಕ್ಕಕ್ಕನ ತುಟಿ ಒಡೆಯಿತು. ಐಸಿನ ಮೇಲೆ ಕೂತೇ ಕರವಸ್ತ್ರ ಒತ್ತಿಕೊಂಡು ಅವಳು ಪಂಚಾಯಿತಿ ಮಾಡಿದಳು: "ಇವತ್ತಿಂದ ಬಾಗಿಲ ಕಡೆ ನನ್ನದು, ಗಡಿಯಾರದ ಕಡೆ ನಿಮ್ಮದು. ನಡುವೆ ಆ ಕೆಂಪು ಗೆರೆ ಇದ್ಯಲ್ಲ, ದಾಟಿದವರು ಮನೇಲಿ ಪಾತ್ರೆ ತೊಳೀಬೇಕು." ಅಂದಿನಿಂದ ರಿಂಕ್ ಇಬ್ಭಾಗವಾಯಿತು. ಕೋಚ್ ಕೂಡ ಅವರ ಆಟಗಳನ್ನು ಹಾಗೇ ಹೊಂದಿಸಿಕೊಟ್ಟ. ವರ್ಷಗಳು ಕಳೆದವು. ವರ್ಷಕ್ಕೊಮ್ಮೆ ನಡೆಯುವ ವಯಸ್ಕರ ಸ್ಪರ್ಧೆಯಲ್ಲಿ ಅವರ ವಯಸ್ಸಿನ ಗುಂಪಿನಲ್ಲಿ ಅವರಿಬ್ಬರೇ. ಒಂದು ವರ್ಷ ಇವಳು ಮೊದಲು, ಇನ್ನೊಂದು ವರ್ಷ ಅವಳು. "ನಿಮ್ಮ ಗುಂಪಿನಲ್ಲಿ ಮೊದಲನೆಯವಳಾಗೋದೂ ಒಂದೇ, ಕೊನೆಯಿಂದ ಎರಡನೆಯವಳಾಗೋದೂ ಒಂದೇ," ಎಂದು ದೊಡ್ಡಕ್ಕನ ಗಂಡ ನಗುತ್ತಿದ್ದ.

ಸ್ಪರ್ಧೆಯ ದಿನ ಮಾತ್ರ ಚಿಕ್ಕಕ್ಕ ಬೇರೆಯೇ ಧಾಟಿಯಲ್ಲಿ ಮಾತಾಡುತ್ತಿದ್ದಳು. "ಇವತ್ತು ಇಡೀ ರಿಂಕ್ ನಂದು ಅಕ್ಕಾ. ನಿಮ್ಮ ಗಡಿಯಾರದ ಕಡೆಗೂ ನುಗ್ತೀನಿ, ನೋಡ್ತಾ ಇರಿ." ಇವಳು ನೋಡುತ್ತಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ. ಚಿಕ್ಕಕ್ಕನ ಸರದಿ ಬಂದಾಗ ಇವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಆಗಲೇ ಬಿಗಿದಿದ್ದ ಸ್ಕೇಟ್ ಬೂಟಿನ ಲೇಸುಗಳನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದಳು. ತುಟಿಯಲ್ಲಿ ದೇವರ ಹೆಸರು. ಕೇಳಿದವರಿಗೆ ಇಬ್ಬರಿಗೂ ಒಳ್ಳೆಯದಾಗಲೆಂದು ಬೇಡುತ್ತೇನೆ ಎನ್ನುತ್ತಿದ್ದಳು. ಗೋಡೆಯ ಆಚೆ ಸಂಗೀತ ಕೇಳಿಸುತ್ತಿತ್ತು, ನಡುನಡುವೆ ಚಪ್ಪಾಳೆ. ಎಲ್ಲಿ ಚಪ್ಪಾಳೆ ಬರಬೇಕಿತ್ತೋ ಅಲ್ಲಿ ಬಾರದೆ ಹೋದರೆ ಎದೆಯೊಳಗೆ ಏನೋ ಒಂದು ಹಗುರವಾಗುತ್ತಿತ್ತು. ಅದಕ್ಕೆ ಹೆಸರು ಕೊಡಬಾರದೆಂದು ಅವಳು ಲೇಸನ್ನು ಇನ್ನಷ್ಟು ಬಿಗಿಯುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಚಿಕ್ಕಕ್ಕ ಇವಳ ಅರ್ಧಕ್ಕೆ ನುಗ್ಗಿ, ಗಡಿಯಾರದ ಕೆಳಗೆ ಗಿರಕಿ ಹೊಡೆದು, ಇವಳ ಹಲಗೆಯ ಮೇಲೆ ಪಾತ್ರೆ ಇಟ್ಟ ಹಾಗೆ ಅಲ್ಲೆಲ್ಲ ಗೆರೆ ಎಳೆದು ಹೋಗುವ ಚಿತ್ರ ಮೂಡುತ್ತಿತ್ತು. ತಾನು ಸ್ಪರ್ಧೆಯಲ್ಲೂ ಕೆಂಪು ಗೆರೆ ದಾಟಿದವಳಲ್ಲ ಎಂಬ ಸಣ್ಣ ಹೆಮ್ಮೆಯನ್ನು ಅವಳು ಯಾರಿಗೂ ಹೇಳದೆ ಸಾಕಿಕೊಂಡಿದ್ದಳು.

ಈಗ ಅದೇ ಕೋಣೆಯಲ್ಲಿ ಅದೇ ಬೆಂಚಿನ ಮೇಲೆ ಕೂತು ಅವಳು ಲೇಸು ಬಿಗಿಯುತ್ತಿದ್ದಳು. ರಬ್ಬರು ನೆಲದ ಒದ್ದೆ ವಾಸನೆ, ಬೆವರಿನ ವಾಸನೆ, ಯಾರದೋ ನೋವಿನ ಮುಲಾಮಿನ ವಾಸನೆ. ಎದುರಿನ ಗೋಡೆಗೆ ಗುಂಪುಗಳ ಪಟ್ಟಿ ಅಂಟಿಸಿದ್ದರು. ಪ್ರತಿ ಗುಂಪಿನ ಕೆಳಗೂ ಐದಾರು ಹೆಸರು. ಕೊನೆಯ ಗುಂಪಿನ ಕೆಳಗೆ ಒಂದೇ ಹೆಸರು, ಅವಳದು. ಅದರ ಕೆಳಗೆ ಬಿಳಿ ಜಾಗ. ಪಟ್ಟಿ ಮಾಡಿದವನು ಎಷ್ಟು ಅಭ್ಯಾಸಬಲದವನೆಂದರೆ ಒಬ್ಬಳೇ ಇದ್ದರೂ ಹೆಸರಿನ ಮುಂದೆ 'ಒಂದು' ಎಂದು ಹಾಕಿದ್ದ. ಅವಳು ಆ ಒಂದನ್ನು ನೋಡಿದಳು. ಆಟ ಆಡುವ ಮೊದಲೇ ಅದು ತೀರ್ಪಿನ ಹಾಗೆ ಕಾಣಿಸಿತು.

ಅವತ್ತು ಆಸ್ಪತ್ರೆಯಿಂದ ಮೈದುನನ ಫೋನು ಬಂದಾಗ ಅವಳು ಅಡಿಗೆಮನೆಯಲ್ಲಿ ಒದ್ದೆ ತಟ್ಟೆ ಒರೆಸುತ್ತಿದ್ದಳು. "ಅತ್ತಿಗೆ, ಹೋಗಿಬಿಟ್ಟಳು," ಎಂದ ಅವನು, ಅಷ್ಟೇ. ಅವಳು ತಟ್ಟೆಯನ್ನು ಕಪಾಟಿನಲ್ಲಿಟ್ಟಳು. ಅಳು ಬಂತು, ಬಹಳ ಬಂತು, ಮೂರು ದಿನ ನಿಲ್ಲಲಿಲ್ಲ. ಆದರೆ ಅಳುವಿಗೆ ಮುಂಚೆ, ತಟ್ಟೆ ಕೈಯಿಂದ ಕಪಾಟಿಗೆ ಹೋಗುವಷ್ಟರಲ್ಲಿ, ಒಳಗೆ ಒಂದು ದನಿ ತೀರ ಸಾಧಾರಣವಾಗಿ, ನಾಳೆ ಹಾಲು ಬೇಕು ಎನ್ನುವಷ್ಟು ಸಾಧಾರಣವಾಗಿ ಹೇಳಿತ್ತು: ಇನ್ನು ಬರುವ ಸಲ ಮೊದಲ ಸ್ಥಾನ ನಿನಗೇ. ಯಾರು ಹೇಳಿದ್ದು? ಅವಳೇ. ಬೇರೆ ಯಾರೂ ಅಲ್ಲಿರಲಿಲ್ಲ. ದೇವರ ಮುಂದೆ ಕೂತು ಎಷ್ಟೋ ಸಲ ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ್ದಳು. ಅವಳಿಗೆ ದೇವರಲ್ಲಿ ನಂಬಿಕೆ ಇದ್ದದ್ದು ಹಗಲಿನ ಬೆಳಕಿನಲ್ಲಿ ನಂಬಿಕೆ ಇದ್ದ ಹಾಗೆ. ಅದರ ಬಗ್ಗೆ ಯೋಚನೆ ಮಾಡಿದ್ದೇ ಇಲ್ಲ. ಅದೇ ಈಗ ಕಷ್ಟಕ್ಕೆ ಬಂದಿತ್ತು. ಕೇಳಿಸಿಕೊಳ್ಳದ ದೇವರಾಗಿದ್ದರೆ ಚಿಂತೆಯಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಳ್ಳುವವನು ಇದನ್ನೂ ಕೇಳಿಸಿಕೊಂಡಿರಬೇಕು. ಗೋಡೆಗೆ ಮುಖ ಮಾಡಿ ಲೇಸು ಬಿಗಿಯುತ್ತಿದ್ದ ಆ ಎಲ್ಲ ವರ್ಷಗಳನ್ನೂ ಸೇರಿಸಿಕೊಂಡು, ಇಗೋ, ನೀನು ಕೇಳಿದ್ದು, ಎಂದು ಇವತ್ತು ಪದಕವನ್ನು ಅವಳ ಕುತ್ತಿಗೆಗೆ ಹಾಕಿಬಿಡುತ್ತಾನೆ. ಕುತ್ತಿಗೆ ಬಗ್ಗಿಸಿ ಅದನ್ನು ತೆಗೆದುಕೊಂಡರೆ ಬೇಡಿದ್ದು ಹೌದೆಂದು ಒಪ್ಪಿಕೊಂಡ ಹಾಗೆ.

ಲೇಸು ಅರ್ಧಕ್ಕೇ ಬಿಟ್ಟು ಅವಳು ಎದ್ದಳು. ಬೂಟಿನಡಿಯ ಬ್ಲೇಡುಗಳಿಗೆ ಪ್ಲಾಸ್ಟಿಕ್ ಕವಚ ಹಾಕಿಕೊಂಡು, ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತ, ಕಾರ್ಯದರ್ಶಿಯ ಮೇಜಿನ ಬಳಿ ಹೋದಳು. ಕಾರ್ಯದರ್ಶಿ ಬೆವರುವ ಸ್ವಭಾವದವನು, ಐಸಿನ ಪಕ್ಕದಲ್ಲೂ ಬೆವರುತ್ತಿದ್ದ. ಅವನ ಸುತ್ತ ಕೆಳಗಿನ ವಯಸ್ಸಿನ ಗುಂಪಿನ ಇಬ್ಬರು ಹೆಂಗಸರು ನಿಂತು ವಾದ ಮಾಡುತ್ತಿದ್ದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬಳು ಬಸ್ ಕಂಡಕ್ಟರು. ತೀರ್ಪುಗಾರರ ಮೂರು ಕುರ್ಚಿಗಳಲ್ಲಿ ನಡುವಿನದರಲ್ಲಿ ಹಿರಿಯ ತೀರ್ಪುಗಾರ್ತಿ ಆಗಲೇ ಬಂದು ಕೂತಿದ್ದರು. ಇಷ್ಟು ವರ್ಷವೂ ಆ ಕುರ್ಚಿಯಲ್ಲಿ ಅವರೇ. ಅವರ ಬಾಯಿಂದ ಒಂದು ಮಾತು ಹೊರಟಿದ್ದನ್ನು ಆಟಗಾರರಲ್ಲಿ ಯಾರೂ ಕೇಳಿರಲಿಲ್ಲ. ಅವರ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿ, ಗ್ಲಾಸು ಒಂದು ಕಡೆ ಇಳಿದುಕೊಂಡಿತ್ತು. ಅಷ್ಟು ತಳಮಳದಲ್ಲೂ ಅವಳ ಕಣ್ಣು ಮೊದಲು ಹೋದದ್ದು ಅದರ ಮೇಲೆ. ಇವರು ಇಷ್ಟು ಹೊತ್ತೂ ನಮ್ಮನ್ನೆಲ್ಲ ವಾರೆಯಾಗಿಯೇ ನೋಡುತ್ತಿದ್ದಾರೆ ಎಂದುಕೊಂಡಳು.

"ಮಕ್ಕಳಿಗೆ ಹಿಡಿಯೋ ಅಳತೆ ನಮಗೂ ಹಿಡಿದ್ರೆ ಹೆಂಗೆ ಸ್ವಾಮಿ," ಎಂದು ಕಂಡಕ್ಟರು ಹೇಳುತ್ತಿದ್ದಳು. "ಅವರು ಬಿದ್ರೆ ಪುಟಿದು ಏಳ್ತಾರೆ. ನಾವು ಬಿದ್ರೆ ಎಕ್ಸ್‌ರೇ."

"ನಾನು ಹೇಳೋದು, ಬಿದ್ದಿದ್ದಕ್ಕೆ ಅಂಕ ಕಳೀಬೇಡಿ," ಎಂದರು ಹಲ್ಲಿನ ಡಾಕ್ಟರು. "ಎದ್ದಿದ್ದಕ್ಕೆ ಕೊಡಿ."

"ಇನ್ನು ಕೆಲವರು ಬಂದವರಿಗೆಲ್ಲ ಒಂದೊಂದು ಪದಕ ಕೊಟ್ಟು ಕಳಿಸಿ ಅಂತಾರೆ," ಎಂದ ಕಾರ್ಯದರ್ಶಿ ಹಣೆ ಒರೆಸಿಕೊಳ್ಳುತ್ತ. "ಒಬ್ಬರು ವಯಸ್ಸಿನ ಮೇಲೆ ಗುಂಪು ಮಾಡಿ ಅಂತಾರೆ, ಇನ್ನೊಬ್ಬರು ಬರೋ ವಿದ್ಯೆ ಮೇಲೆ ಮಾಡಿ ಅಂತಾರೆ. ನಾನು ಎಷ್ಟು ಗುಂಪು ಅಂತ ಮಾಡ್ಲಿ, ಕೊನೆಗೆ ಒಬ್ಬೊಬ್ಬರಿಗೂ ಒಂದೊಂದು ಗುಂಪಾಗುತ್ತೆ." ಅಷ್ಟು ಹೇಳಿ ಎದುರು ನಿಂತಿದ್ದವಳನ್ನು ನೋಡಿ ನಾಲಿಗೆ ಕಚ್ಚಿಕೊಂಡ.

"ನನ್ನನ್ನ ಇವರ ಗುಂಪಿಗೆ ಸೇರಿಸಿ," ಎಂದಳು ಅವಳು.

ಕಾರ್ಯದರ್ಶಿ ಒಳ್ಳೆಯ ಸುದ್ದಿ ಸಿಕ್ಕವನ ಹಾಗೆ ಮುಖ ಅರಳಿಸಿದ. "ಖಂಡಿತ ಸೇರಿಸಬಹುದು ಅಮ್ಮಾ. ಅದಕ್ಕೆ ನಿಯಮ ಇದೆ. ವಯಸ್ಸಿಗೆ ತಕ್ಕ ಹಾಗೆ ನಿಮ್ಮ ಅಂಕ ಏರಿಸಿ ಸೇರಿಸ್ತೀವಿ. ಆಗ ಯಾರಿಗೂ ಅನ್ಯಾಯ ಇಲ್ಲ."

"ಏರಿಸೋದು ಬೇಡ. ಹಾಗೇ ಸೇರಿಸಿ."

"ಅಯ್ಯೋ ದೊಡ್ಡಕ್ಕ, ಹಾಗೇ ಸೇರಿಸಿದ್ರೆ ನಾವು ನಿಮ್ಮನ್ನ ಸೋಲಿಸ್ತೀವಿ," ಎಂದರು ಹಲ್ಲಿನ ಡಾಕ್ಟರು. "ನಾಳೆ ನನ್ನ ಕುರ್ಚಿಗೆ ಬಂದವರೆಲ್ಲ ಬಾಯಿ ತೆಗೆಯೋ ಮುಂಚೆ ಅದನ್ನೇ ಹೇಳ್ತಾರೆ, ವಯಸ್ಸಾದೋರನ್ನ ಸೋಲಿಸಿದಳು ಅಂತ."

"ಏರಿಸಿದ್ರೆ ಅವರು ನಮ್ಮನ್ನ ಸೋಲಿಸ್ತಾರೆ," ಎಂದಳು ಕಂಡಕ್ಟರು. "ಅದನ್ನೂ ಮನೇಲಿ ಹೇಳೋದು ಕಷ್ಟವೇ. ದೊಡ್ಡಕ್ಕ, ನಿಮಗೇನು ಕಮ್ಮಿ? ಸುಮ್ಮನೆ ಒಂದು ಸುತ್ತು ಹೊಡೆದು ಬಂದು ಪದಕ ಹಾಕ್ಕೊಳಿ. ಚಿಕ್ಕಕ್ಕ ಇದ್ದಿದ್ರೆ ಹಾಗೇ ಮಾಡ್ತಿದ್ರು, ಅದನ್ನ ಹಾಕ್ಕೊಂಡು ಬಸ್ಸೂ ಹತ್ತೋರು."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಏಕೆಂದರೆ ಅದು ನಿಜವಾಗಿತ್ತು. ಒಂದು ವರ್ಷ ಚಿಕ್ಕಕ್ಕ ಪದಕ ಹಾಕಿಕೊಂಡೇ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಗ್ಲಾಸು ಉಜ್ಜಿದ್ದಳು. ಅದು ಆಗಾಗ ಚಕ್ರಕ್ಕೆ ತಗಲಿ ಕಿರ್ ಎನ್ನುತ್ತಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಇವಳು ಸಂಜೆಯವರೆಗೂ ಏನೂ ಕಾಣದವಳ ಹಾಗೆ ಇದ್ದಳು. ನಗು ಮುಗಿದ ಮೇಲೆ ಇಷ್ಟು ವರ್ಷ ಚಪ್ಪಾಳೆ ಬಿದ್ದದ್ದು ಹೇಗೆ ಎಂಬುದು ನೆನಪಾಯಿತು. ಊಟ ಮುಗಿಸಿದ ಮಗುವಿಗೆ ತಟ್ಟುವ ಚಪ್ಪಾಳೆ ಅದು. ಧ್ವನಿವರ್ಧಕದಲ್ಲಿ 'ಈ ವಯಸ್ಸಿನಲ್ಲೂ' ಎಂದು ಹೇಳದೆ ಒಮ್ಮೆಯೂ ಅವಳ ಹೆಸರು ಕರೆದಿರಲಿಲ್ಲ. ಅಷ್ಟೆಲ್ಲ ಜನರ ನಡುವೆ ಅವಳನ್ನು ಸೋಲಿಸಬೇಕೆಂದು ಮನಸಾರೆ ಬಯಸಿದವಳು ಚಿಕ್ಕಕ್ಕ ಒಬ್ಬಳೇ. ಇವಳ ಜಂಪ್ ಸಣ್ಣದಾದರೆ ಮನೆಗೆ ಹೋಗುವ ದಾರಿಯುದ್ದಕ್ಕೂ "ಅದು ಜಂಪಾ ಅಕ್ಕಾ, ನಾನು ಹೊಸ್ತಿಲು ದಾಟಿದ್ರಿ ಅಂದ್ಕೊಂಡೆ," ಎಂದು ಛೇಡಿಸಿದವಳೂ ಅವಳೊಬ್ಬಳೇ.

"ನಿಮಗೆ ಬೇಕಾಗಿರೋದೇನು?" ಎಂದು ಒಂದು ಸಣ್ಣ ದನಿ ಕೇಳಿತು. ಹಿರಿಯ ತೀರ್ಪುಗಾರ್ತಿ. ಎಲ್ಲರೂ ತಿರುಗಿದರು.

"ನೀವು ನನ್ನ ಆಟ ನೋಡಬೇಕು," ಎಂದಳು ಅವಳು. "ನೋಡಿ, ಇದು ಇಷ್ಟು ಅಂತ ಹೇಳಬೇಕು. ಬೇರೆ ಯಾರೂ ಇಲ್ಲ ಅಂತ ಕೊಡಬಾರದು."

ತೀರ್ಪುಗಾರ್ತಿ ಇಳಿದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರು. ಅದು ಮತ್ತೆ ಇಳಿಯಿತು. "ಪ್ರತಿ ಮಟ್ಟಕ್ಕೂ ಒಂದು ಗೆರೆ ಇದೆ. ಇಷ್ಟು ಅಂಕ ಬಂದರೆ ಆ ಮಟ್ಟ ಮುಟ್ಟಿದ ಹಾಗೆ ಅಂತ. ಸ್ಪರ್ಧೆಯಲ್ಲಿ ಅದನ್ನ ಯಾರೂ ಕೇಳಲ್ಲ, ಪರೀಕ್ಷೆಗೆ ಮಾತ್ರ. ನೀವು ಬೇಕು ಅಂದ್ರೆ ನಿಮಗೆ ಆ ಗೆರೆಯೇ ಎದುರಾಳಿ. ದಾಟಿದ್ರೆ ಪದಕ. ದಾಟದೆ ಇದ್ರೆ ಒಬ್ಬರೇ ಇದ್ರೂ ಇಲ್ಲ."

"ಒಬ್ಬರೇ ಆಡಿ ಪದಕ ಬರಲಿಲ್ಲ ಅಂದ್ರೆ ನೋಡೋಕೆ ಚೆನ್ನಾಗಿರಲ್ಲ ಮೇಡಂ," ಎಂದ ಕಾರ್ಯದರ್ಶಿ.

"ಚೆನ್ನಾಗಿ ಕಾಣದೇ ಇರೋದು ನಾನು ತಾನೆ," ಎಂದಳು ಅವಳು. "ಹಾಗೇ ಮಾಡಿ."

ಅಲ್ಲಿಂದ ಬಾತುಕೋಳಿ ಹೆಜ್ಜೆಯಲ್ಲಿ ಹಿಂತಿರುಗುವಾಗ ಮನಸ್ಸು ಹಗುರವಾಗಬೇಕಿತ್ತು, ಆಗಲಿಲ್ಲ. ಗೆರೆ ದಾಟಿದರೆ ಏನು? ಆಗ ಪದಕ ತನ್ನ ಕಾಲಿನಿಂದ ಬಂದದ್ದು, ಆ ದನಿಯಿಂದ ಬಂದದ್ದಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ದನಿ ಹೇಳಿದ್ದು ಸುಳ್ಳಾಗಲಿಲ್ಲವಲ್ಲ. ದಾಟದಿದ್ದರೆ? ಆಗ ದೇವರು ಅದನ್ನು ಬೇಡಿಕೆಯೆಂದು ತಿಳಿದಿರಲಿಲ್ಲ ಎಂದಾಗುತ್ತದೆ. ಹಾಗಾದರೆ ಬೀಳಬಹುದು, ಬೇಕೆಂದೇ ಬೀಳಬಹುದು. ಜಂಪಿಗೆ ಮುಂಚೆ ಹಿಮ್ಮಡಿಯನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಯೋಚನೆ ಬಂದೊಡನೆ ಅವಳಿಗೆ ನಾಚಿಕೆಯಾಯಿತು. ದೇವರಿಗೆ ಲಂಚ ಕೊಡುವುದರಲ್ಲಿ ಇದೂ ಒಂದು ಬಗೆ. ಅಂಚಿನ ಕಂಬಿಯ ಬಳಿ ಮೈದುನ ಯಾವಾಗಲೂ ಕೂರುವ ಕುರ್ಚಿಯಲ್ಲೇ ಕೂತಿದ್ದ. ಮೊಣಕಾಲ ಮೇಲೆ ಫ್ಲಾಸ್ಕು, ಪಕ್ಕದಲ್ಲಿ ಎರಡು ಲೋಟ. ಅಭ್ಯಾಸದಿಂದ ಎರಡು ತಂದಿದ್ದ. ಅವಳು ನೋಡಿದ್ದನ್ನು ನೋಡಿ ಒಂದನ್ನು ತೆಗೆದು ಇನ್ನೊಂದರೊಳಗೆ ಇಟ್ಟ. ಅವಳು ತಲೆ ಬಗ್ಗಿಸಿ ಲೇಸಿನ ಉಳಿದರ್ಧವನ್ನು ಅಲ್ಲೇ ಕೂತು ಬಿಗಿದಳು. ಇವತ್ತು ಮುಖ ಮಾಡಲು ಗೋಡೆ ಬೇಕಿರಲಿಲ್ಲ.

ಅವಳ ಹೆಸರು ಕರೆದರು. 'ಈ ವಯಸ್ಸಿನಲ್ಲೂ' ಎಂದರು. ಚಪ್ಪಾಳೆ. ಐಸಿನ ಮೇಲೆ ಕಾಲಿಟ್ಟಾಗ ಎಂದಿನಂತೆ ಮೊದಲ ಕ್ಷಣ ದೇಹ ತನ್ನದಲ್ಲ ಎನ್ನಿಸಿತು, ಆಮೇಲೆ ತನ್ನದಾಯಿತು. ಗಡಿಯಾರದ ಕೆಳಗೆ ಹೋಗಿ ನಿಂತಳು. ಸಂಗೀತ ಶುರುವಾಗುವ ಮುಂಚಿನ ಆ ನಿಶ್ಶಬ್ದದಲ್ಲಿ ರಿಂಕಿನ ಯಂತ್ರಗಳ ಗುಂಯ್ ಎಂಬ ಸದ್ದು ಪಾದದಿಂದ ಮೇಲಕ್ಕೆ ಹತ್ತುತ್ತಿತ್ತು. ಬಾಗಿಲ ಕಡೆಯ ಅರ್ಧ ಖಾಲಿಯಾಗಿ, ಗೀರಿಲ್ಲದೆ, ಹೊಸ ಗ್ಲಾಸಿನ ಹಾಗೆ ಬಿದ್ದಿತ್ತು. ಅದರ ಕಡೆ ನೋಡಬಾರದೆಂದುಕೊಂಡಳು. ಸಂಗೀತ ಬಂತು. ಮೊದಲ ಸುತ್ತು, ಎಡಗಾಲು, ಬಲಗಾಲು, ಮೊಣಕಾಲು ಇವತ್ತು ಮಾತು ಕೇಳುತ್ತಿತ್ತು. ಗಿರಕಿಯಲ್ಲಿ ಗೋಡೆ, ಮುಖಗಳು, ಗಡಿಯಾರ, ಫ್ಲಾಸ್ಕು ಎಲ್ಲ ಒಂದೇ ಬಣ್ಣದ ಪಟ್ಟಿಯಾಗಿ ತಿರುಗಿದವು. ಆ ಪಟ್ಟಿಯಲ್ಲಿ ಎಲ್ಲೋ ಚಿಕ್ಕಕ್ಕ ಇದ್ದಾಳೆ, ತಿರುಗುತ್ತಿರುವವರೆಗೂ ಇಲ್ಲ ಎಂದು ಹೇಳಲಾಗದು. ನಿಂತಾಗ ಇರಲಿಲ್ಲ. ಜಂಪಿಗೆ ಹಿಮ್ಮುಖವಾಗಿ ಓಡುವಾಗ ಹಿಮ್ಮಡಿಯ ಯೋಚನೆ ಮತ್ತೆ ಬಂತು. ಬೀಳು. ಬೇಡ. ಬೀಳು. ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಯಾರೋ ಹೇಳಿದ ಹಾಗಾಯಿತು: ಹೊಸ್ತಿಲು ದಾಟ್ತೀರಾ ಅಕ್ಕಾ? ಅವಳಿಗೆ ರೇಗಿತು. ನಿಜವಾಗಿ, ಹಳೆಯ ಕಾಲದ ಹಾಗೆ ರೇಗಿತು, ತಿಂಗಳುಗಳ ಮೇಲೆ ಮೊದಲ ಸಲ. ಆ ರೇಗಿನಲ್ಲಿ ಅವಳು ನೆಗೆದಳು. ಗಾಳಿಯಲ್ಲಿದ್ದದ್ದು ಎಷ್ಟು ಹೊತ್ತೋ, ಬಂದು ಇಳಿದಾಗ ಬ್ಲೇಡು ಐಸಿಗೆ ಕಚ್ಚಿ ನಿಂತಿತು. ಬೀಳಲಿಲ್ಲ. ಕೆಂಪು ಗೆರೆಯ ಹತ್ತಿರ ಬರುತ್ತಲೇ ಕಾಲು ತಾನಾಗಿ ತಿರುಗಿ, ಗಡಿಯಾರದ ಕಡೆ ಹೊರಳಿ, ಕೊನೆಯ ಹೆಜ್ಜೆಗಳನ್ನು ಮುಗಿಸಿತು. ಸಂಗೀತ ನಿಂತಿತು. ಚಪ್ಪಾಳೆಯಲ್ಲಿ ಈ ಸಲ ಬಸ್ ಕಂಡಕ್ಟರ ಶಿಳ್ಳೆಯೂ ಇತ್ತು.

ತೀರ್ಪು ಹೇಳಲು ಕಾರ್ಯದರ್ಶಿಗೆ ಧೈರ್ಯ ಬರಲಿಲ್ಲ. ಧ್ವನಿವರ್ಧಕವನ್ನು ಕೈಯಲ್ಲಿ ಹಿಡಿದುಕೊಂಡು ಅದರಲ್ಲಿ ಮಾತಾಡದೆ ಕಂಬಿಯವರೆಗೂ ನಡೆದು ಬಂದ. "ಸ್ವಲ್ಪದರಲ್ಲಿ ತಪ್ಪಿತು ಅಮ್ಮಾ. ನೀವೇ ಬೇಕು ಅಂದ್ರಿ. ಈಗಲೂ ನೀವು ಹೂಂ ಅಂದ್ರೆ..."

"ಬೇಡ," ಎಂದಳು. ತನಗೆ ಅದು ಬೇಕಾಗಿತ್ತು ಎಂಬುದು ಸಿಗದೆ ಹೋದ ಮೇಲೆ ಗೊತ್ತಾಯಿತು. ಬೇಡವೆಂದು ಬೇಡಿಕೊಂಡದ್ದೆಲ್ಲ ಒಂದು ಕಡೆ, ಬೇಕೆಂದದ್ದು ಒಂದು ಕಡೆ, ಎರಡೂ ಒಂದೇ ಬಾಯಿ. ದೇವರು ಯಾವುದನ್ನು ಕೇಳಿಸಿಕೊಂಡ, ಅವನಿಗೇ ಗೊತ್ತು. ಅವಳು ಬ್ಲೇಡುಗಳಿಗೆ ಕವಚ ಹಾಕಿಕೊಂಡು, ಕೈಚೀಲ ಹಿಡಿದು ತೀರ್ಪುಗಾರ್ತಿಯ ಮೇಜಿಗೆ ಹೋದಳು. ಉಳಿದ ಇಬ್ಬರು ತೀರ್ಪುಗಾರರು ಕೈ ಬೆಚ್ಚಗೆ ಮಾಡಿಕೊಳ್ಳಲು ಎದ್ದು ಹೋಗಿದ್ದರು. ಐಸ್ ಒರೆಸುವ ಗಾಡಿ ರಿಂಕಿನೊಳಗೆ ಬರುತ್ತಿತ್ತು.

"ಎಲ್ಲಿ ಕಮ್ಮಿಯಾಯ್ತು, ಹೇಳಿ," ಎಂದಳು. "ಮೆತ್ತಗೆ ಹೇಳಬೇಡಿ."

"ಜಂಪ್ ಚೆನ್ನಾಗಿತ್ತು," ಎಂದರು ತೀರ್ಪುಗಾರ್ತಿ. "ನಿಮ್ಮದು ಇಷ್ಟು ಎತ್ತರ ನಾನು ನೋಡಿರಲಿಲ್ಲ. ಗಿರಕಿ ಪರವಾಗಿಲ್ಲ. ಆದರೆ ನೀವು ಅರ್ಧ ರಿಂಕಲ್ಲೇ ಆಡ್ತೀರಿ. ಬಾಗಿಲ ಕಡೆಗೆ ಕಾಲೇ ಇಡಲ್ಲ. ಇಡೀ ಐಸನ್ನ ಬಳಸಬೇಕು ಅನ್ನೋದಕ್ಕೆ ಅಂಕ ಇದೆ, ನಿಮಗದು ಪ್ರತಿ ವರ್ಷ ಹೋಗುತ್ತೆ. ಪ್ರತಿ ವರ್ಷ ನಿಮ್ಮ ಕೋಚ್ ಹತ್ತಿರ ಹೇಳ್ತೀನಿ. ಅವರು ನಿಮಗೆ ಹೇಳಲಿಲ್ವಾ?"

ಅವಳು ತಿರುಗಿ ನೋಡಿದಳು. ಕಂಬಿಗೆ ಒರಗಿ ನಿಂತಿದ್ದ ಕೋಚ್ ಮಾತು ಕೇಳಿಸಿಕೊಂಡು ತನ್ನ ಬೂಟಿನ ತುದಿ ನೋಡತೊಡಗಿದ. "ಸಂತೋಷಕ್ಕೆ ಬರೋರು," ಎಂದು ಗೊಣಗಿದ. "ಈ ವಯಸ್ಸಲ್ಲಿ ಯಾಕೆ ಬೇಜಾರು ಮಾಡೋದು ಅಂತ..."

"ಆ ಕಡೆ ನನ್ನದಲ್ಲ," ಎಂದಳು ಅವಳು ತೀರ್ಪುಗಾರ್ತಿಗೆ. ಹೇಳಿದ ಮೇಲೆ, ಈ ಹೆಂಗಸಿಗೆ ಅದರ ಅರ್ಥ ಹೇಗೆ ಆಗಬೇಕು ಎನ್ನಿಸಿ, ಸೇರಿಸಿದಳು: "ನನ್ನ ವಾರಗಿತ್ತಿದು. ನಾವು ಹಂಚ್ಕೊಂಡಿದ್ವಿ, ಡಿಕ್ಕಿ ಆಗಬಾರದು ಅಂತ. ನನಗೆ ಅದೇ ಅಭ್ಯಾಸ. ಅವಳಿಗೇನು, ಅವಳು ಸ್ಪರ್ಧೆಯಲ್ಲಿ ಇಡೀ ರಿಂಕ್ ಆಡ್ತಿದ್ದಳು."

ತೀರ್ಪುಗಾರ್ತಿ ತಲೆಯೆತ್ತಿ ನೋಡಿದರು. ಕನ್ನಡಕ ಮತ್ತೆ ಇಳಿಯಿತು. "ಯಾರು ಹೇಳಿದ್ದು?"

"ಅವಳೇ."

"ಇಲ್ಲಮ್ಮ. ಅವರಿಗೂ ಅದೇ ಅಂಕ ಹೋಗ್ತಿತ್ತು. ಅವರು ಗಡಿಯಾರದ ಕಡೆ ಒಂದು ಸಲವೂ ಬಂದವರಲ್ಲ. ಪೂರ್ತಿ ಬಾಗಿಲ ಕಡೆಯ ಅರ್ಧದಲ್ಲೇ. ನಾವು ಮೂವರೂ ಮಾತಾಡ್ಕೋತಿದ್ವಿ, ಇವರಿಬ್ಬರನ್ನೂ ಒಟ್ಟಿಗೆ ಬಿಟ್ಟರೆ ಒಂದು ರಿಂಕ್ ಪೂರ್ತಿಯಾಗುತ್ತೆ ಅಂತ." ಅವರು ನಿಲ್ಲಿಸಿದರು. "ನೀವು ನೋಡಿಲ್ವಾ?"

ಗಾಡಿ ಗಡಿಯಾರದ ಕಡೆಗೆ ತಿರುಗಿ, ಅವಳು ಈಗ ತಾನೇ ಎಳೆದ ಗೆರೆಗಳ ಮೇಲೆ ನೀರು ಹಾಯಿಸುತ್ತ ಹೋಗುತ್ತಿತ್ತು. ನೋಡಿಲ್ವಾ. ಗೋಡೆಯ ಸುಣ್ಣದ ಮೇಲಿನ ಒಂದು ಬಿರುಕು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಎಲ್ಲ ವರ್ಷ ನೋಡಿದ್ದು ಅದನ್ನೇ. ಆ ಗೋಡೆಯ ಆಚೆ ಚಿಕ್ಕಕ್ಕ, ಯಾರೂ ಇಲ್ಲದ, ಯಾರೂ ಕೇಳದ ಐಸಿನ ಮೇಲೆ, ಕೆಂಪು ಗೆರೆಯ ಹತ್ತಿರ ಬಂದು ಬಂದು ಹಿಂದಕ್ಕೆ ತಿರುಗುತ್ತಿದ್ದಳು. ಆಮೇಲೆ ಒಳಗೆ ಬಂದು, ಬೆವರು ಒರೆಸಿಕೊಳ್ಳುತ್ತ, "ನಿಮ್ಮ ಕಡೆಯೆಲ್ಲ ಗೀಚಿಬಿಟ್ಟು ಬಂದೆ ಅಕ್ಕಾ, ಹೋಗಿ ಒರೆಸ್ಕೊಳಿ," ಎನ್ನುತ್ತಿದ್ದಳು. ಅದನ್ನು ನಂಬಿ ಇವಳು ಮನೆಗೆ ಬಂದು ಮೇಲಿನ ಹಲಗೆಯಿಂದ ಅವಳ ಪಾತ್ರೆಗಳನ್ನು ಸದ್ದು ಮಾಡಿ ಕೆಳಗಿಳಿಸುತ್ತಿದ್ದಳು.

ಅವಳು ತೀರ್ಪುಗಾರರ ಖಾಲಿ ಕುರ್ಚಿಗಳಲ್ಲಿ ಒಂದನ್ನು ಎಳೆದು ಕೂತಳು. ಆಟಗಾರರು ಅಲ್ಲಿ ಕೂರಬಾರದು. ಮೈದುನ ದೂರದಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, ಬರಲೋ ಬೇಡವೋ ಎಂದು ಈ ಕಡೆ ನೋಡುತ್ತಿದ್ದ. ಅವಳು ಕೈ ಬೀಸಿ ಬಾ ಎಂದು ಕರೆದಳು. ಆಮೇಲೆ ತೀರ್ಪುಗಾರ್ತಿಯ ಮುಂದೆ ಅಂಗೈ ಚಾಚಿದಳು.

"ಕನ್ನಡಕ ಕೊಡಿ. ಆ ಕಡ್ಡಿ ಆಗಿನಿಂದ ನನ್ನ ಪ್ರಾಣ ತಿಂತಿದೆ."

ತೀರ್ಪುಗಾರ್ತಿ ಸ್ವಲ್ಪ ತಡೆದು, ತೆಗೆದು ಕೊಟ್ಟರು. ಅವಳು ಚೀಲದಲ್ಲಿ ಕೈಯಾಡಿಸಿದಾಗ ಚಿಕ್ಕ ಸ್ಕ್ರೂಡ್ರೈವರ್ ಅಲ್ಲೇ ಇತ್ತು. ಬೆಳಗಿನ ಹಾಗೆ ಅದು ಜಾರಲಿಲ್ಲ.

"ನನ್ನದು ಸಾಕು," ಎಂದಳು, ತಿರುಪಿನ ಮೇಲಿಂದ ಕಣ್ಣೆತ್ತದೆ. "ಅವಳದು ಹೇಳಿ. ಹೋದ ವರ್ಷದ ಆಟ. ಮೊದಲಿಂದ ಹೇಳಿ, ಇವನೂ ಕೇಳ್ಲಿ."

ಮೈದುನ ಬಂದು ಎರಡು ಲೋಟವನ್ನೂ ಮೇಜಿನ ಮೇಲಿಟ್ಟ. ಕನ್ನಡಕವಿಲ್ಲದ ಹಿರಿಯ ಹೆಂಗಸು ಕಣ್ಣು ಕಿರಿದು ಮಾಡಿ, ತೊಳೆದು ಹೊಳೆಯುತ್ತಿದ್ದ ಐಸನ್ನು ಒಂದು ಕ್ಷಣ ನೋಡಿದರು. ಅಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಮೇಜಿನ ಮೇಲೆ ಬೆರಳಿಟ್ಟು, ಬಾಗಿಲು ಇಲ್ಲಿ ಎಂದು ಒಂದು ಮೂಲೆ ತೋರಿಸಿ, ಚಿಕ್ಕಕ್ಕ ಜಾರಿದ ದಾರಿಯನ್ನು ನೆನಪಿನಿಂದ ನಿಧಾನವಾಗಿ ಎಳೆಯತೊಡಗಿದರು. ಬೆರಳು ಸುತ್ತಿತು, ಹಿಮ್ಮುಖವಾಗಿ ಹೋಯಿತು, ಒಂದು ಕಡೆ ಮೇಜಿನಿಂದ ಸ್ವಲ್ಪ ಮೇಲೆದ್ದು ಇಳಿಯಿತು. ಮೇಜಿನ ನಡುವಿಗೆ ಬಂದಾಗಲೆಲ್ಲ ತಡೆದು, ಅಲ್ಲಿ ಯಾರೋ ಇದ್ದಾರೆ ಎಂಬಂತೆ, ದಾರಿ ಬಿಟ್ಟು ಹಿಂದಕ್ಕೆ ತಿರುಗುತ್ತಿತ್ತು.